ಕಲ್ತುಮೆ ಕೊಟ್ಟಿದ್ದು ರಕ್ತ, ಕುರಿಯಲ್ಲ

ಮರಳುಗಾಡಿನಂಚಿನ ಊರು ಗರಿನ್ ಗಬಸ್‌ನಲ್ಲಿ ಬಕ್ರೀದ್ ಹಬ್ಬಕ್ಕೆಂದು ಟಗರು ಕೊಬ್ಬಿಸಿ ಮಾರುವ ಹೆಂಗಸರು ಓಣಿಗೊಬ್ಬರು ಸಿಗುತ್ತಾರೆ. ಆದರೆ ಕಲ್ತುಮೆಯ ಅಂಗಳಕ್ಕೆ ಬಂದು ಚೌಕಾಸಿ ಮಾಡಲು ಗಂಡಸರಿಗೆ ಸ್ವಲ್ಪ ಗುಂಡಿಗೆ ಬೇಕಾಗುತ್ತಿತ್ತು. ಹಲ್ಲು ನೋಡೋಣವೆಂದು ಟಗರಿನ ಬಾಯಿಗೆ ಕೈ ಹಾಕಿದವನಿಗೆ, "ಮೊದಲು ನಿನ್ನ ಬಾಯಿ ತೆಗಿ. ದುಡ್ಡು ಕೊಡೋ ಬಾಯೋ ಬರೀ ಮಾತಾಡೋ ಬಾಯೋ, ನಾನೂ ನೋಡ್ತೀನಿ," ಎನ್ನುತ್ತಿದ್ದಳು. ಮೂವರು ಗಂಡಂದಿರನ್ನು ಕಂಡವಳು. ಒಬ್ಬ ಸತ್ತಿದ್ದ. ಉಳಿದಿಬ್ಬರನ್ನು ತಾನೇ ಬಿಟ್ಟು ಬಂದಿದ್ದಳು, ಅದೂ ಟಗರುಗಳನ್ನು ಹೊಡೆದುಕೊಂಡು ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ.

ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ತಂಗಿಯ ಮಗಳು ಫನ್ನಾಳನ್ನು ಮೊಲೆ ಬಿಡಿಸಿದ ಹೊತ್ತಿನಿಂದ ತಾನೇ ಸಾಕಿದಳು. ಮದುವೆ ಮಾಡಿಕೊಟ್ಟಳು. ಚೊಚ್ಚಲ ಹೆರಿಗೆಗೆ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅವಳೇ. ಮಗು ಸಲೀಸಾಗಿ ಹುಟ್ಟಿತು, ಹೆಣ್ಣು. ಮಾರನೆಯ ಬೆಳಿಗ್ಗೆ ಫನ್ನಾಳಿಗೆ ಚಳಿ ಹತ್ತಿತು.

ಮೊದಲು ಮಲೇರಿಯಾ ಎಂದರು. ಬೆರಳು ಚುಚ್ಚಿ ನೋಡಿದರೆ ಮಲೇರಿಯಾ ಇರಲಿಲ್ಲ. ಇದ್ದರೂ ಇರಬಹುದು ಎಂದು ಅದಕ್ಕೇ ಸೂಜಿ ಹಾಕಿದರು. ಇಳಿಯಲಿಲ್ಲ. ಒಂದು ಚೀಟಿ ಬರೆದುಕೊಟ್ಟರು. ಕಲ್ತುಮೆ ಔಷಧದಂಗಡಿಗೆ ಓಡಿ ತಂದಳು. ಅದೂ ಇಳಿಸಲಿಲ್ಲ. ಇನ್ನೊಂದು ಚೀಟಿ ಕೊಟ್ಟರು. ಕತ್ತಲಲ್ಲಿ ಕಲ್ಲು ಹೊಡೆಯುವ ಹಾಗೆ ಒಂದಾದ ಮೇಲೊಂದು ಔಷಧ ಹೊಡೆಯುತ್ತ ಹೋದರು. ಯಾವ ಕಲ್ಲೂ ತಾಗಲಿಲ್ಲ. ಮಗುವಿಗೆ ಹೆಸರಿಡುವ ದಿನಕ್ಕೆ ಮೊದಲೇ ಫನ್ನಾಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದರು.

ಕಲ್ತುಮೆ ಅಳಲಿಲ್ಲ. ನೇರ ಡಾಕ್ಟರ ಕೋಣೆಗೆ ಹೋಗಿ ನಿಂತಳು. ಆಗಿದ್ದವರು ವಯಸ್ಸಾದ ಡಾಕ್ಟರು, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

"ಏನಾಗಿತ್ತು ನನ್ನ ಮಗಳಿಗೆ?"

"ಜ್ವರ, ಅಮ್ಮ."

"ಜ್ವರ ಅಂತ ನನಗೂ ಗೊತ್ತು. ಹಣೆ ಮುಟ್ಟಿದ್ರೆ ಗೊತ್ತಾಗುತ್ತೆ. ಯಾವ ಜ್ವರ ಅಂತ ಕೇಳ್ದೆ."

"ರಕ್ತಕ್ಕೆ ನಂಜು ಏರಿರ್ಬೇಕು."

"ಇರ್ಬೇಕು ಅಂದ್ರೆ? ಏರಿತ್ತೋ ಇಲ್ವೋ? ಏರಿದ್ರೆ ಯಾವ ನಂಜು?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದೇವರ ಇಚ್ಛೆ, ತಾಯಿ."

"ದೇವರ ಹತ್ರ ನಾನು ಬೇರೆ ಮಾತಾಡ್ಕೋತೀನಿ. ಈಗ ಕೇಳ್ತಿರೋದು ನಿಮ್ಮನ್ನ."

ಕಲ್ತುಮೆ ಮನೆಗೆ ಬಂದು ಶೋಕದ ದಿನಗಳನ್ನು ಮುಗಿಸಿದಳು. ಮಗುವನ್ನು ಫನ್ನಾಳ ಅತ್ತೆ ಎತ್ತಿಕೊಂಡು ಹೋದಳು. ಆಮೇಲೆ ಪ್ರತಿ ಸಂತೆಯ ದಿನ, ಟಗರುಗಳಿಗೆ ಅಲಸಂದೆ ಹೊಟ್ಟು ಕೊಂಡು ಬರುವ ದಾರಿಯಲ್ಲಿ, ಹೊಟ್ಟಿನ ಹೊರೆಯನ್ನು ಆಸ್ಪತ್ರೆಯ ಗೋಡೆಗೆ ಒರಗಿಸಿ ಒಳಗೆ ಬಂದು ಜಗಲಿಯ ಮೇಲೆ ಕೂರತೊಡಗಿದಳು. ಯಾರಾದರೂ ಏನು ಬೇಕು ಎಂದರೆ, "ನನ್ನ ಮಗಳು ಯಾವುದರಿಂದ ಸತ್ತಳು ಅಂತ ಹೇಳೋರು ಬೇಕು," ಎನ್ನುತ್ತಿದ್ದಳು. ಕೆಲವರು ತಲೆ ಕೆಟ್ಟಿದೆ ಎಂದರು. ಕೆಲವರು ಮರುಗಿ ನೀರು ತಂದುಕೊಟ್ಟರು. ನೀರು ಕುಡಿದು ಮತ್ತೆ ಅದನ್ನೇ ಕೇಳುತ್ತಿದ್ದಳು.

ಒಂದು ಸಂತೆಯ ದಿನ ಬಿಳಿ ಅಂಗಿ ತೊಟ್ಟ ಸಣಕಲು ಮನುಷ್ಯನೊಬ್ಬ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಪ್ರಯೋಗಾಲಯಕ್ಕೆ ಹೊಸದಾಗಿ ಬಂದವನು, ಹೆಸರು ಹಮಿದು ಎಂದ.

"ಯಾವ ಜನ ನೀನು?" ಎಂದಳು ಕಲ್ತುಮೆ.

"ಫುಲಾನಿ."

"ಹಾಗಾದ್ರೆ ನನ್ನ ಗುಲಾಮ. ನಾನು ಬರೇಬರಿ."

ಹಮಿದು ನಕ್ಕ. ಬರೇಬರಿ ಜನಕ್ಕೂ ದನಕುರಿ ಮೇಯಿಸುವ ಫುಲಾನಿ ಜನಕ್ಕೂ ಮುತ್ತಜ್ಜರ ಕಾಲದಿಂದ ಗೇಲಿಯ ನಂಟು. ಬಾಯಿಗೆ ಬಂದ ಹಾಗೆ ಆಡಿಕೊಳ್ಳಬಹುದು. ಮುಖ ಗಂಟಿಕ್ಕಿದವನೇ ಸೋತವನು. "ಗುಲಾಮ ನೀನು, ಮುದುಕಿ," ಎಂದ. "ನಿನ್ನನ್ನ ಮಾರೋಣ ಅಂದ್ರೆ ಹಲ್ಲು ಉದುರಿರೋ ಬರೇಬರಿನ ಯಾರೂ ಕೊಳ್ಳಲ್ಲ ಅಂತ ಬಿಟ್ಟಿದೀವಿ."

ಫನ್ನಾ ಸತ್ತ ಮೇಲೆ ಕಲ್ತುಮೆ ನಕ್ಕಿದ್ದು ಅದೇ ಮೊದಲು. ನಕ್ಕು ಮುಗಿಸಿ ತನ್ನ ಪ್ರಶ್ನೆಯನ್ನು ಕೇಳಿದಳು.

ಹಮಿದು ದೇವರ ಮಾತೆತ್ತಲಿಲ್ಲ. "ಗೊತ್ತಿಲ್ಲ," ಎಂದ. "ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗೋಕೆ ದಾರಿನೂ ಇಲ್ಲ."

"ಯಾಕಿಲ್ಲ?"

ಅವನು ತಿಳಿಯುವ ಹಾಗೆ ಹೇಳಿದ. ರಕ್ತದಲ್ಲಿ ಸೇರಿಕೊಳ್ಳುವ ಕ್ರಿಮಿ ಕಣ್ಣಿಗೆ ಸಿಗುವಷ್ಟು ಇರುವುದಿಲ್ಲ. ಒಂದು ಸೀಸೆಯಲ್ಲಿ ಗಂಜಿಯಂಥದ್ದು ಹಾಕಿ, ರೋಗಿಯ ರಕ್ತ ಬೆರೆಸಿ, ಬೆಚ್ಚಗಿಟ್ಟು ಅದನ್ನು ಬೆಳೆಸಬೇಕು. ಗಂಜಿ ಕದಡಿದರೆ ಅದರ ಹನಿಯನ್ನು ರಕ್ತ ಕಲಸಿ ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ ಎಳೆಯಬೇಕು. ಅಲ್ಲಿ ಅದು ಚುಕ್ಕೆ ಚುಕ್ಕೆಯಾಗಿ ಮೇಲೆದ್ದು ತನ್ನ ಗುರುತು ತೋರಿಸುತ್ತದೆ. ಯಾವ ಕ್ರಿಮಿ ಎಂದು ಗೊತ್ತಾದರೆ ಯಾವ ಔಷಧಕ್ಕೆ ಸಾಯುತ್ತದೆ ಎಂದೂ ಗೊತ್ತಾಗುತ್ತದೆ.

"ತಟ್ಟೆಗೆ ಯಾರ ರಕ್ತ?"

"ಇಲ್ಲಿ ಇಷ್ಟು ದಿನ ಹಾಕ್ತಿದ್ದಿದ್ದು ಮನುಷ್ಯರದ್ದು. ದಾನ ಕೊಟ್ಟಿದ್ದು ಹಳಸಿ ಉಳಿದಿದ್ದು. ಅದರ ಮೇಲೆ ಕೆಲವು ಕ್ರಿಮಿ ಏಳೋದೇ ಇಲ್ಲ. ಎದ್ದರೂ ಗುರುತು ಸಿಗಲ್ಲ. ಕುರಿ ರಕ್ತ ಆಗ್ಬೇಕು."

"ಕಸಾಯಿಗಳ ಹತ್ರ ಹೊಳೆ ಹರಿಯುತ್ತಲ್ಲಪ್ಪ."

"ಅದು ಚರ್ಮ, ಮಣ್ಣು, ಚಾಕು ಎಲ್ಲ ಮುಟ್ಟಿ ಬಂದ ರಕ್ತ. ಬದುಕಿರೋ ಕುರಿಯ ಕತ್ತಿನ ನರದಿಂದ ನೇರ ಸೀಸೆಗೆ ಇಳಿಬೇಕು."

"ಕುರಿ ಸಾಯುತ್ತಾ?"

"ಇಲ್ಲ. ತೆಗೆಯೋದು ಒಂದು ಲೋಟದಷ್ಟು. ಆಮೇಲೆ ಎದ್ದು ಮೇಯೋಕೆ ಹೋಗುತ್ತೆ."

ಕಲ್ತುಮೆ ಎದ್ದು ನಿಂತು, ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು: "ಒಂದು ಲೋಟ ಕುರಿ ರಕ್ತ ಸಿಗಲ್ಲ ಅಂತಾನಾ ಇಷ್ಟೆಲ್ಲ? ಈ ಊರಲ್ಲಿ ಜನಕ್ಕಿಂತ ಕುರಿ ಜಾಸ್ತಿ ಇದಾವೆ."

ಮರುದಿನ ಬೆಳಿಗ್ಗೆ ಅವಳು ಮುಂದರ್ಧ ಕಪ್ಪು, ಹಿಂದರ್ಧ ಬಿಳುಪಿನ ಉದ್ದ ಕಾಲಿನ ಟಗರೊಂದನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದಳು. ಹಮಿದು ಸೂಜಿ, ಸೀಸೆ, ಸ್ಪಿರಿಟ್ಟು ಎಲ್ಲ ಸಿದ್ಧ ಮಾಡಿಕೊಂಡ. ಟಗರನ್ನು ಹಿಡಿಯಲು ಮಾತ್ರ ಅವನಿಗೆ ಬರಲಿಲ್ಲ. ಕಾಲು ಹಿಡಿದರೆ ಒದೆಯಿತು, ಕೊಂಬು ಹಿಡಿದರೆ ಎಳೆದುಕೊಂಡು ಹೋಯಿತು.

"ನಾನು ರಾಜಧಾನಿಯಲ್ಲಿ, ನಿಯಾಮೆಯಲ್ಲಿ ಬೆಳೆದವನು," ಎಂದ, ಪ್ಯಾಂಟಿನ ಮರಳು ಕೊಡವುತ್ತ.

"ಕುರಿ ಹಿಡಿಯೋಕೆ ಬರದ ಫುಲಾನಿನ ಇವತ್ತೇ ನೋಡಿದ್ದು," ಎಂದಳು ಕಲ್ತುಮೆ. "ನಿಮ್ಮಜ್ಜ ಗೋರಿಯಲ್ಲಿ ಮಗ್ಗುಲು ಬದಲಾಯಿಸ್ತಿರ್ತಾನೆ. ಸರಿ ಆ ಕಡೆ."

ಟಗರನ್ನು ಎರಡು ಮೊಣಕಾಲಿನ ನಡುವೆ ಇರುಕಿಕೊಂಡು, ಗದ್ದ ಮೇಲೆತ್ತಿ, ಕತ್ತನ್ನು ಪಕ್ಕಕ್ಕೆ ತಿರುಗಿಸಿ ಹಿಡಿದಳು. ಹಮಿದು ಕೂದಲು ಬೋಳಿಸಿ, ಒರೆಸಿ, ಸೂಜಿ ಚುಚ್ಚಿದ. ರಕ್ತ ನಳಿಗೆಯಲ್ಲಿ ಇಳಿದು ಗಾಜಿನ ಗುಂಡುಗಳಿದ್ದ ಸೀಸೆಗೆ ಬಿತ್ತು. ಹೆಪ್ಪುಗಟ್ಟದಿರಲೆಂದು ಅವನು ಸೀಸೆಯನ್ನು ಮೆಲ್ಲಗೆ ಸುತ್ತಿಸುತ್ತಲೇ ಇದ್ದ. ಗುಂಡುಗಳು ಒಳಗೆ ಗಲಗಲ ಎನ್ನುತ್ತಿದ್ದವು. ಬಿಟ್ಟ ಕೂಡಲೇ ಟಗರು ಮೈ ಕೊಡವಿ ಹೋಗಿ ಬೇವಿನ ಮರದ ಕೆಳಗೆ ಬಿದ್ದಿದ್ದ ರಟ್ಟಿನ ಪೆಟ್ಟಿಗೆಯನ್ನು ಅಗಿಯತೊಡಗಿತು.

ಹೀಗೆ ಶುರುವಾಯಿತು. ಪ್ರಯೋಗಾಲಯದ ಹಿಂದೆ ಬೇವಿನ ನೆರಳಿನಲ್ಲಿ ಸಜ್ಜೆದಂಟಿನ ಒಂದು ದೊಡ್ಡಿ ಎದ್ದಿತು. ಒಂದಿದ್ದ ಟಗರು ಎರಡಾಯಿತು, ಆಮೇಲೆ ಮೂರು. ಒಂದಕ್ಕೆ ದಣಿವಾದರೆ ಇನ್ನೊಂದರ ಸರದಿ. ಮೇವು ಹಾಕಲು ಕಲ್ತುಮೆ ತಾನೇ ಬರುತ್ತಿದ್ದಳು. ವಯಸ್ಸಾದ ಡಾಕ್ಟರು ಜ್ವರ ಇಳಿಯದ ರೋಗಿಗಳ ರಕ್ತವನ್ನು ಹಮಿದುವಿನ ಕಡೆಗೆ ಕಳಿಸತೊಡಗಿದರು. ಹೆಚ್ಚಿನ ಸೀಸೆಗಳು ತಿಳಿಯಾಗಿಯೇ ಉಳಿಯುತ್ತಿದ್ದವು. ಕೆಲವು ಚರ್ಮದ ಮೇಲಿನ ಕೊಳೆ ಸೇರಿ ಸುಮ್ಮನೆ ಕದಡುತ್ತಿದ್ದವು. ಆಗ ಹಮಿದು ನರ್ಸುಗಳ ಜೊತೆ ಜಗಳವಾಡಿ ಮತ್ತೆ ರಕ್ತ ತರಿಸುತ್ತಿದ್ದ. ಕೊನೆಗೊಮ್ಮೆ ಪುಟ್ಟ ಹುಡುಗಿಯೊಬ್ಬಳ ಸೀಸೆಯಿಂದ ಎಳೆದ ಗೆರೆಯ ಮೇಲೆ ಬೂದು ಬಣ್ಣದ ಚುಕ್ಕೆಗಳು ಎದ್ದವು. ಟೈಫಾಯ್ಡಿನದು. ಔಷಧ ಬದಲಾಯಿಸಿದರು, ಹುಡುಗಿ ಎದ್ದು ಕೂತು ಗಂಜಿ ಕೇಳಿದಳು.

ಹಮಿದು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಲ್ತುಮೆಗೆ ತೋರಿಸಿದ. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಇಷ್ಟೇನಾ? ಇಷ್ಟು ಸಣ್ಣದಾ ಇದು?"

"ಇಷ್ಟೇ."

"ನನ್ನ ಫನ್ನಾನ ಕೊಂದಿದ್ದೂ ಇದೇನಾ?"

"ಹೇಳೋಕಾಗಲ್ಲ, ಅಮ್ಮ. ಆವತ್ತು ಯಾರೂ ಅವಳ ರಕ್ತ ತೆಗೆದಿಡಲಿಲ್ಲ. ಇನ್ನು ಯಾವತ್ತೂ ಹೇಳೋಕಾಗಲ್ಲ."

ಹೌದು ಎಂದುಬಿಟ್ಟಿದ್ದರೆ ಅವಳು ನಂಬಿ ಮನೆಗೆ ಹೋಗುತ್ತಿದ್ದಳೇನೋ. ಅವನು ಹಾಗೆ ಅನ್ನಲಿಲ್ಲ. ಅವತ್ತಿನಿಂದ ಕಲ್ತುಮೆ ಹಮಿದುವಿಗೆ ಸಜ್ಜೆ ಉಂಡೆ ಕಲಸಿದ ಮಜ್ಜಿಗೆ ತರತೊಡಗಿದಳು, ತರುವಾಗೆಲ್ಲ "ಗುಲಾಮರನ್ನ ಉಪವಾಸ ಕೆಡವಬಾರದು" ಎನ್ನುತ್ತ.

ಊರು ಸುಮ್ಮನಿರಲಿಲ್ಲ. ಕಲ್ತುಮೆ ರಕ್ತ ಮಾರುತ್ತಾಳಂತೆ, ಆ ರಕ್ತ ದೂರದ ದೇಶಕ್ಕೆ ಹೋಗುತ್ತದಂತೆ ಎಂದು ಬಾವಿಯ ಹತ್ತಿರ ಮಾತು ಎದ್ದಿತು. ಅವಳ ಅಣ್ಣ ಮಾಲಮ್ ಗಂಬೊ ಓಣಿಯ ಮಕ್ಕಳಿಗೆ ಕುರಾನು ಹೇಳಿಕೊಡುವವನು. ಅವನು ಅವಳ ಅಂಗಳಕ್ಕೆ ಬಂದು ಚಾಪೆಯ ಮೇಲೆ ಕೂರದೆ ನಿಂತೇ ಮಾತಾಡಿದ.

"ಹರಿದ ರಕ್ತ ಹೊಲಸು. ಗೊತ್ತಿಲ್ವಾ ನಿನಗೆ?"

"ಗೊತ್ತು ಅಣ್ಣ. ಅದಕ್ಕೇ ನಾವು ತಿನ್ನಲ್ಲ."

"ಮತ್ತೆ ಯಾಕೆ ಸೀಸೆಗೆ ಹಿಡೀತೀಯ?"

"ನಾನೇನು ನಿನಗೆ ಬಡಿಸ್ತಿದೀನಾ? ಕ್ರಿಮಿಗೆ ಹಾಕ್ತಿರೋದು. ಹೊಲಸು ಹೊಲಸನ್ನ ತಿಂದು ಮೇಲೆದ್ದು ಮುಖ ತೋರಿಸ್ಲಿ ಅಂತ."

"ನಾಲಿಗೆ ಉದ್ದ ಆಗಿದೆ ನಿನಗೆ."

"ಮೊದಲಿಂದ್ಲೂ ಇಷ್ಟೇ ಇತ್ತು. ಅಳತೆ ಮಾಡಿದ್ದು ನೀನು ಇವತ್ತು."

ಗಂಬೊ ತಂಗಿಯನ್ನು ಮಾತಿನಲ್ಲಿ ಗೆದ್ದವನಲ್ಲ. ಕೋಲು ನೆಲಕ್ಕೆ ಕುಟ್ಟಿ ಹೊರಟುಹೋದ.

ವಯಸ್ಸಾದ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಇಲ್ಯಾಸು ಎಂಬ ಡಾಕ್ಟರು ನಿರ್ದೇಶಕರಾಗಿ ಬಂದರು. ಕೆಟ್ಟವರಲ್ಲ. ಬಂದ ಹೊಸದರಲ್ಲೇ ಗೋಡೆಗಳಿಗೆ ಸುಣ್ಣ ಹೊಡೆಸಿದರು, ಕೆಟ್ಟು ನಿಂತಿದ್ದ ಪಂಪು ಸರಿ ಮಾಡಿಸಿದರು. ಆಸ್ಪತ್ರೆಯೆಂದರೆ ಆಸ್ಪತ್ರೆಯ ಹಾಗೆ ಕಾಣಬೇಕೆಂಬ ಆಸೆ ಅವರಿಗೆ. ಹಿತ್ತಲಿಗೆ ಹೋದಾಗ ಮೂರು ಟಗರು ಅವರ ಹೊಸ ಗೋಡೆಗೆ ಮೈ ಉಜ್ಜುತ್ತ ನಿಂತಿದ್ದವು.

"ಇದೇನು, ಆಸ್ಪತ್ರೆನೋ ಸಂತೆನೋ?" ಎಂದರು.

ಹಮಿದು ವಿವರಿಸಿದ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ತಟ್ಟೆಗಳು ಸಿದ್ಧವಾಗಿಯೇ ರಾಜಧಾನಿಯಲ್ಲಿ ಸಿಗುತ್ತವೆ, ತರಿಸೋಣ. ಕುರಿದೊಡ್ಡಿಯ ಪಕ್ಕ ರಕ್ತ ಪರೀಕ್ಷೆ ಮಾಡುತ್ತೇವೆಂದು ಹೊರಗೆ ಗೊತ್ತಾದರೆ ನಗೆಪಾಟಲು ಎಂದರು. ಬಕ್ರೀದ್ ಹತ್ತಿರ ಬಂದಿತ್ತು. ಟಗರುಗಳನ್ನು ವ್ಯರ್ಥ ಮಾಡುವುದು ಬೇಡ, ಚೆನ್ನಾಗಿರುವ ಒಂದನ್ನು ಜಿಲ್ಲೆಯ ದೊಡ್ಡ ಅಧಿಕಾರಿಯ ಮನೆಗೆ ಹಬ್ಬದ ಕಾಣಿಕೆಯಾಗಿ ಕಳಿಸೋಣ, ಉಳಿದೆರಡನ್ನು ಸಿಬ್ಬಂದಿ ಹಂಚಿಕೊಳ್ಳಲಿ ಎಂದೂ ಸೇರಿಸಿದರು.

ಸುದ್ದಿ ಕಲ್ತುಮೆಗೆ ಮುಟ್ಟಿದಾಗ ಅವಳು ಸಜ್ಜೆ ಕುಟ್ಟುತ್ತಿದ್ದಳು. ಒನಕೆಯನ್ನು ಒರಳಿನಲ್ಲೇ ಬಿಟ್ಟು ಹೊರಟಳು.

ಅವಳು ಬರುವ ಹೊತ್ತಿಗೆ ಡ್ರೈವರು ಕಪ್ಪು ಬಿಳುಪಿನ ಟಗರಿನ ಕಾಲು ಕಟ್ಟಿ ಗಾಡಿಯ ಹಿಂದೆ ಎತ್ತಲು ನೋಡುತ್ತಿದ್ದ. ಇಲ್ಯಾಸು ಜಗಲಿಯ ಮೇಲೆ ನಿಂತಿದ್ದರು. ಕಲ್ತುಮೆ ನೇರ ಹೋಗಿ ಡ್ರೈವರನ ಕೈಯನ್ನು ಹಗ್ಗದಿಂದ ಬಿಡಿಸಿ, ಗಂಟು ಬಿಚ್ಚಿದಳು.

"ಏಯ್, ಯಾರಮ್ಮ ನೀನು?" ಎಂದರು ಇಲ್ಯಾಸು.

"ಈ ಟಗರಿನ ಯಜಮಾನಿ."

"ಇದನ್ನ ಆಸ್ಪತ್ರೆಗೆ ದಾನ ಕೊಟ್ಟಿದೀಯ ಅಂತ ಹೇಳಿದ್ರು."

"ಯಾರು ಹೇಳಿದ್ರು? ನಾನು ಕೊಟ್ಟಿದ್ದು ರಕ್ತ. ಕುರಿ ಕೊಟ್ಟಿಲ್ಲ."

"ಇನ್ನು ರಕ್ತ ಬೇಕಾಗಿಲ್ಲ. ನಾವು ಒಳ್ಳೇ ತಟ್ಟೆ ತರಿಸ್ತಿದೀವಿ."

"ಬಂದಿದಾವಾ?"

"ಬರ್ತವೆ."

"ಬಂದ ಮೇಲೆ ಅವನ್ನ ಹಬ್ಬಕ್ಕೆ ಕಾಣಿಕೆ ಕಳಿಸಿ. ಅಧಿಕಾರಿಗಳು ಸಾರು ಮಾಡ್ಕೊಂಡು ತಿನ್ಲಿ."

ಜಗಲಿಯ ತುದಿಯಲ್ಲಿ ನರ್ಸೊಬ್ಬಳು ಬಾಯಿಗೆ ಮೇಲುಬಟ್ಟೆ ಅಡ್ಡ ಹಿಡಿದಳು. ಇಲ್ಯಾಸು ಅವರ ಮುಖ ಬಿಗಿದುಕೊಂಡಿತು. "ಇದು ಸರ್ಕಾರಿ ಜಾಗ. ಇಲ್ಲಿ ನನ್ನ ಮಾತು ನಡೆಯುತ್ತೆ. ಈ ಪ್ರಾಣಿಗಳು ಇವತ್ತೇ ಹೊರಗೆ ಹೋಗ್ಬೇಕು."

"ಹೋಗ್ತವೆ. ನನ್ನ ಜೊತೆ, ತಮ್ಮ ಕಾಲಲ್ಲಿ ನಡ್ಕೊಂಡು."

ಮೂರು ಹಗ್ಗಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಅವಳು ಹೊರಟಳು. ಹಮಿದು ಪ್ರಯೋಗಾಲಯದ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅವನ ಕೆಲಸ ಇಲ್ಯಾಸು ಅವರ ಕೈಯಲ್ಲಿತ್ತು. ಕಲ್ತುಮೆ ಅವನ ಮುಂದೆ ಹಾಯುವಾಗ ಮೆತ್ತಗೆ, "ನನ್ನ ಮನೆ ಎಲ್ಲಿ ಅಂತ ಗೊತ್ತಲ್ಲ ನಿನಗೆ," ಎಂದಳು.

ಟಗರು ಮನೆಗೆ ಬಂದದ್ದು ಕಂಡು ಗಂಬೊಗೆ ಆಸೆಯಾಯಿತು. ಆ ವರ್ಷ ಅವನ ಕೈಯಲ್ಲಿ ಕುರ್ಬಾನಿಗೆ ಏನೂ ಇರಲಿಲ್ಲ. ಹೋದ ಸಲ ಬಂದಾಗಿನ ಕೋಪವನ್ನು ಬದಿಗಿಟ್ಟು, ಚಾಪೆಯ ಮೇಲೆ ಕೂತು, ತಂಗಿ ಕೊಟ್ಟ ನೀರು ಕುಡಿದು ಕೇಳಿದ. ಅವಳು ಇಲ್ಲ ಎಂದಳು.

"ಆಸ್ಪತ್ರೆಯವರೇ ಬೇಡ ಅಂದ್ರಲ್ಲ. ಇನ್ಯಾರಿಗೆ ಇಟ್ಕೊಂಡು ಕೂತಿದೀಯ?"

"ಅವರು ಬೇಡ ಅಂದ್ರೆ ಕ್ರಿಮಿ ಊರು ಬಿಟ್ಟು ಹೋಯ್ತಾ?"

"ಒಡಹುಟ್ಟಿದ ಅಣ್ಣ ಕೇಳ್ತಿದೀನಿ, ಕಲ್ತುಮೆ."

ಅವಳಿಗೆ ಕಷ್ಟವಾಯಿತು. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕೂತು ಸಂತೆಗೆ ಹೋದವಳು ಅವಳು. ಆದರೂ ಇಲ್ಲ ಎಂದಳು. ಬೇಕಾದರೆ ಮುಂದಿನ ವರ್ಷಕ್ಕೆ ಈಗಿಂದಲೇ ಮರಿಯೊಂದನ್ನು ಸಾಕಿಕೊಡುತ್ತೇನೆ ಎಂದಳು. ಗಂಬೊ ಆ ಮರಿಯನ್ನೂ ಬೇಡವೆಂದು ಎದ್ದುಹೋದ.

ಹಬ್ಬದ ದಿನ ಊರೆಲ್ಲ ಮಾಂಸದ ಹೊಗೆ. ಕೆಂಡದ ಸುತ್ತ ಕೋಲಿಗೆ ಚುಚ್ಚಿ ನಿಲ್ಲಿಸಿದ ಇಡೀ ಟಗರುಗಳು ಬೇಯುತ್ತಿದ್ದವು. ನೆರೆಹೊರೆಗೆ ಮಾಂಸದ ಪಾಲು ಹೋಗುವುದು ವಾಡಿಕೆ. ಎದುರುಮನೆಯ ತಲಾತು ಒಂದು ತಟ್ಟೆ ಕಳಿಸಿದಳು. ಅಣ್ಣನ ಮನೆಯಿಂದ ಯಾರೂ ಬರಲಿಲ್ಲ, ಆ ಕಡೆಯ ಇನ್ನೂ ಹಲವು ಮನೆಗಳಿಂದ ಪಾಲೂ ಬರಲಿಲ್ಲ. ಕಲ್ತುಮೆಯ ಮೂರು ಟಗರುಗಳು ಅಂಗಳದಲ್ಲಿ ಬಿಡದೆ ಅರಚುತ್ತಿದ್ದವು. ಊರಲ್ಲಿ ಅವತ್ತು ಬದುಕಿದ್ದ ಟಗರು ಅವಷ್ಟೇ ಇದ್ದವೇನೋ. ಗೋಡೆಯಾಚೆಯಿಂದ ಯಾರೋ ಕೂಗಿದರು, "ಕಲ್ತುಮೆ, ನಿನ್ನ ಗಂಡಂದಿರು ಕರೀತಿದಾರೆ."

"ಹೌದು," ಎಂದು ಕೂಗಿದಳು ಇವಳು. "ಹಿಂದಿನೋರಿಗಿಂತ ಇವೇ ವಾಸಿ. ಹಾಕಿದ್ದು ತಿಂತಾವೆ, ಎದುರು ಮಾತಾಡಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ಒಬ್ಬಳೇ ಅಲಸಂದೆ ಬೇಯಿಸಿಕೊಂಡು ತಿಂದಳು. ಅವತ್ತು ಅವಳಿಗೆ ಊಟ ಸೇರಲಿಲ್ಲ ಎಂಬುದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಹಬ್ಬ ಕಳೆದು ಬಿಸಿಲು ಏರಿತು. ರಾಜಧಾನಿಯ ತಟ್ಟೆಗಳು ಬಸ್ಸಿನ ಮೇಲೆ ಬಂದವು. ದಾರಿಯುದ್ದಕ್ಕೂ ಆ ಬಿಸಿಲಿನಲ್ಲಿ ಬೆಂದು, ಒಣಗಿದ ಕೆರೆಯಂಗಳದ ಹಾಗೆ ಬಿರಿದಿದ್ದವು. ಒಡೆಯದೆ ಉಳಿದವುಗಳ ಮೇಲೆ ಬೂಷ್ಟು ಹತ್ತಿತ್ತು. ಇಲ್ಯಾಸು ಇನ್ನೊಂದು ಕಂತು ತರಿಸಲು ಹೇಳಿದರು. ಅದು ಬರುವ ಮೊದಲೇ ಹೆರಿಗೆ ವಾರ್ಡಿನಲ್ಲಿ ಇಬ್ಬರು ಬಾಣಂತಿಯರಿಗೆ ಚಳಿ ಹತ್ತಿತು. ಮಲೇರಿಯಾ ಇರಲಿಲ್ಲ. ಅವರಲ್ಲೊಬ್ಬಳು ತಲಾತುವಿನ ಸೊಸೆ ಬಾರಿರಾ.

ಹಮಿದು ಅವತ್ತು ಯಾರನ್ನೂ ಕೇಳಲಿಲ್ಲ. ಇಬ್ಬರ ರಕ್ತವನ್ನೂ ಸೀಸೆಗಿಟ್ಟ. ಆಮೇಲೆ ಗಾಜಿನ ಗುಂಡಿನ ಸೀಸೆ, ನಳಿಗೆ, ಸ್ಪಿರಿಟ್ಟು ತುಂಬಿದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಊರ ನಡುವಿನ ಬೀದಿಯಲ್ಲೇ ನಡೆದು ಕಲ್ತುಮೆಯ ಅಂಗಳಕ್ಕೆ ಬಂದ.

"ಬಾ ಗುಲಾಮ. ಇಷ್ಟು ದಿನ ಬೇಕಾಯ್ತಾ ದಾರಿ ಸಿಗೋಕೆ?" ಎಂದಳು ಅವಳು. ಅವನ ಮುಖ ನೋಡಿ ಗೇಲಿ ನಿಲ್ಲಿಸಿದಳು. "ಯಾರಿಗೆ?"

ಅವನು ಹೇಳಿದ.

ಬಾಗಿಲು ಮುಚ್ಚೋಣವೇ ಎಂದು ಹಮಿದು ಕೇಳಿದ. ಓಣಿಯ ಹೆಂಗಸರು ಆಗಲೇ ಗೋಡೆಗೆ ಬಂದು ನೇತುಬಿದ್ದಿದ್ದರು. "ಯಾಕೆ ಮುಚ್ಚೋದು?" ಎಂದಳು ಕಲ್ತುಮೆ. "ಬನ್ನಿ ಒಳಗೆ ಎಲ್ಲರೂ. ನಾನು ರಕ್ತ ಮಾರ್ತೀನಿ ಅಂತೀರಲ್ಲ, ಕಣ್ಣು ತುಂಬ ನೋಡಿ. ಸುಳ್ಳು ಹೇಳೋದಾದ್ರೂ ನೋಡಿ ಹೇಳಿ."

ಹೆಂಗಸರು ಒಳಗೆ ಬಂದು ಸುತ್ತ ನಿಂತರು. ಅವಳು ಟಗರನ್ನು ಇರುಕಿ ಹಿಡಿದಳು, ಹಮಿದು ಸೂಜಿ ಹಾಕಿದ, ಸೀಸೆ ಗಲಗಲ ಎಂದಿತು. ಮುಗಿದ ಮೇಲೆ ಟಗರು ಎದ್ದು ಒಬ್ಬಳ ಮೇಲುಬಟ್ಟೆಯ ತುದಿ ಬಾಯಿಗೆ ಹಾಕಿಕೊಂಡಿತು. ಅವಳು ಕಿತ್ತುಕೊಂಡಳು, ಎಲ್ಲರೂ ನಕ್ಕರು. ತಲಾತು ಮಾತ್ರ ನಗಲಿಲ್ಲ. "ಇದರಿಂದ ನನ್ನ ಸೊಸೆ ಉಳೀತಾಳಾ?" ಎಂದು ಕೇಳಿದಳು.

"ಯಾವ ನಂಜು ಅಂತ ಗೊತ್ತಾಗುತ್ತೆ," ಎಂದ ಹಮಿದು. "ಉಳಿಯೋದು ಆಮೇಲಿನ ಮಾತು."

ಸೀಸೆಗಳು ಕದಡಿದ ಕೂಡಲೇ ಅವುಗಳ ಹನಿಯನ್ನು ಆ ಟಗರಿನ ರಕ್ತ ಕಲಸಿದ ಹೊಸ ಕೆಂಪು ತಟ್ಟೆಗಳ ಮೇಲೆ ಎಳೆದು ಇಟ್ಟ. ಮರುದಿನ ಬೆಳಿಗ್ಗೆ ಎರಡು ತಟ್ಟೆಗಳಲ್ಲೂ ಒಂದೇ ಬಗೆಯ ಸಣ್ಣ ಚುಕ್ಕೆಗಳು. ಪ್ರತಿ ಚುಕ್ಕೆಯ ಸುತ್ತಲೂ ಕ್ರಿಮಿ ರಕ್ತವನ್ನು ತಿಂದುಹಾಕಿ, ಆಚೆ ಬೆರಳು ಹಿಡಿದರೆ ಕಾಣುವಷ್ಟು ತಿಳಿಯಾದ ಒಂದು ಉಂಗುರ. ಬಾಣಂತಿಯರನ್ನು ಕೊಲ್ಲುವ ಹಳೆಯ ಕ್ರಿಮಿ. ಹಳಸಿದ ಮನುಷ್ಯರ ರಕ್ತದ ಮೇಲೆ ಆ ಉಂಗುರ ಅಷ್ಟು ಚೆನ್ನಾಗಿ ಬೀಳುತ್ತಿರಲಿಲ್ಲ. ಅದಕ್ಕೆ ದುಬಾರಿ ಔಷಧ ಬೇಕಿಲ್ಲ, ಪೆನಿಸಿಲಿನ್ ಸಾಕು. ಅದು ಆಸ್ಪತ್ರೆಯ ಬೀರುವಿನಲ್ಲೇ ಇತ್ತು.

ಹಮಿದು ಎರಡು ತಟ್ಟೆಗಳನ್ನೂ ತೆಗೆದುಕೊಂಡು ಹೋಗಿ ಇಲ್ಯಾಸು ಅವರ ಮೇಜಿನ ಮೇಲಿಟ್ಟ. ಒಂದೇ ವಾರ್ಡಿನಲ್ಲಿ ಇಬ್ಬರಿಗೂ ಒಂದೇ ಕ್ರಿಮಿ ಎಂದರೆ ಅದು ಕೈಯಿಂದ ಕೈಗೆ ದಾಟುತ್ತಿದೆ ಎಂದರ್ಥ. ಇಲ್ಯಾಸು ಡಾಕ್ಟರೇ ತಾನೆ, ಬಿಡಿಸಿ ಹೇಳಬೇಕಾಗಿರಲಿಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು, ರಕ್ತ ಎಲ್ಲಿಯದೆಂದು ಕೇಳಲಿಲ್ಲ. ಆ ಮಧ್ಯಾಹ್ನವೇ ಹೆರಿಗೆ ಕೋಣೆ ಖಾಲಿ ಮಾಡಿಸಿ, ನೆಲ, ಮಂಚ, ಕತ್ತರಿ, ಬಟ್ಟಲು ಎಲ್ಲವನ್ನೂ ತೊಳೆಸಿ ಕುದಿಸಿದರು. ತಾವೇ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಪ್ರತಿಯೊಬ್ಬರೂ ಸೋಪಿನಲ್ಲಿ ಕೈ ತೊಳೆಯುವುದನ್ನು ನೋಡಿದರು.

ಇನ್ನೊಬ್ಬ ಬಾಣಂತಿಗೆ ಔಷಧ ತಲುಪುವ ಹೊತ್ತಿಗೆ ಕೈ ಮೀರಿತ್ತು. ಅವಳು ಹಳ್ಳಿಯವಳು; ಗಂಡ ಅವಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹಿಂದಿರುಗಿದ. ಹೊರಡುವ ಮೊದಲು ಹಮಿದು ಅವನ ಬಳಿ ಹೋಗಿ ಅವಳನ್ನು ಕೊಂದದ್ದು ಯಾವುದೆಂದು ಹೆಸರು ಹಿಡಿದು ಹೇಳಿದ. ಬಾರಿರಾಳ ಜ್ವರ ಮೆಲ್ಲಗೆ ಇಳಿಯಿತು. ಮಗುವಿಗೆ ಹೆಸರಿಡುವ ದಿನ ಅವಳು ಗೋಡೆಗೆ ಒರಗಿ ಕೂತು, ಬಂದವರು ಶುಭಕ್ಕೆಂದು ಕೊಟ್ಟ ಕೋಲಾಬೀಜಗಳನ್ನು ಮಡಿಲಿಗೆ ಹಾಕಿಕೊಂಡಳು. ಕಲ್ತುಮೆ ಮಗುವನ್ನು ಎತ್ತಿಕೊಳ್ಳದೆ ದೂರದಲ್ಲೇ ನಿಂತು ನೋಡಿ ಬೇಗ ಮನೆಗೆ ಹೋದಳು.

ಆ ಬಳಿಕ ಇಲ್ಯಾಸು ಹಮಿದುವನ್ನು ಕರೆದು, "ಆ ಹೆಂಗಸಿಗೆ ಹೇಳು. ಹಿಂದಿನ ಸಣ್ಣ ಬಾಗಿಲಿಂದ ಕುರಿ ತರ್ಲಿ. ನಾನು ನೋಡಿಲ್ಲ ಅಂದ್ಕೋತೀನಿ," ಎಂದರು. ಅವರ ಮಟ್ಟಿಗೆ ಅದು ದೊಡ್ಡ ಮಾತೇ. ಹಮಿದು ಖುಷಿಯಿಂದ ಓಡಿ ಬಂದ.

ಕಲ್ತುಮೆ ತೌಡು ಕಲಸುತ್ತಿದ್ದಳು. "ಇಲ್ಲ," ಎಂದಳು.

"ಇಲ್ಲ ಅಂದ್ರೆ? ಒಪ್ಪಿದಾರೆ ಅಂತ ಹೇಳ್ತಿದೀನಿ."

"ನೋಡಿಲ್ಲ ಅಂದ್ಕೋತೀನಿ ಅಂದ್ರೆ ಒಪ್ಪಿದ ಹಾಗಾ? ಇವರು ನೋಡಿಲ್ಲ ಅಂತಾರೆ. ನಾಳೆ ಇವರು ಹೋಗಿ ಇನ್ನೊಬ್ಬ ಬರ್ತಾನೆ, ಅವನು ನೋಡ್ತಾನೆ, ಮತ್ತೆ ಕಾಲು ಕಟ್ಟಿ ಗಾಡಿಗೆ ಹಾಕ್ತಾನೆ. ಕಳ್ಳಬಾಗಿಲಲ್ಲಿ ನುಗ್ಗೋಕೆ ನನ್ನ ಟಗರೇನು ಕದ್ದು ತಂದಿದ್ದಾ?"

"ಅಮ್ಮ, ಸಿಕ್ಕಷ್ಟು ಸಿಗ್ಲಿ."

"ಸಿಕ್ಕಷ್ಟು ಸಿಗ್ಲಿ ಅಂತ ಬಾಯಿ ಮುಚ್ಕೊಂಡು ಬಂದಿದ್ದಕ್ಕೇ ಕಣೋ ಇಲ್ಲಿಗೆ ಬಂದು ನಿಂತಿರೋದು ನಾವು. ಹೋಗು, ನಿನ್ನ ಕೆಲಸ ನೋಡು."

ಊರಿನಲ್ಲಿ ಟಗರು ಕೊಬ್ಬಿಸುವ ಹೆಂಗಸರ ಕೂಟವೊಂದಿತ್ತು. ಮೇವು ಒಟ್ಟಿಗೆ ಕೊಳ್ಳಲು, ಕಷ್ಟಕ್ಕೆ ಒಬ್ಬರಿಗೊಬ್ಬರು ಆಗಲು ಸೇರುತ್ತಿದ್ದರು. ಮುಂದಿನ ಸಲ ಅವರು ತಲಾತುವಿನ ಅಂಗಳದಲ್ಲಿ ಸೇರಿದಾಗ ಕಲ್ತುಮೆ ಎದ್ದು ನಿಂತು, ಮೂರು ಟಗರಿನಿಂದ ಆಗುವುದಿಲ್ಲ, ಎಲ್ಲರೂ ಸರದಿಯ ಮೇಲೆ ಒಂದೊಂದನ್ನು ಆಸ್ಪತ್ರೆಗೆ ಬಿಡಬೇಕು ಎಂದಳು. ಗಲಾಟೆ ಎದ್ದಿತು. ಸೂಜಿ ಹಾಕಿಸಿಕೊಂಡ ಟಗರನ್ನು ಯಾರು ಕೊಳ್ಳುತ್ತಾರೆ ಎಂದಳೊಬ್ಬಳು. ನಿನಗೆ ಹಿಂದೆ ಮುಂದೆ ಯಾರಿಲ್ಲ, ನಮಗೆ ಮಕ್ಕಳಿದ್ದಾರೆ ಎಂದಳು ಇನ್ನೊಬ್ಬಳು.

ಕಲ್ತುಮೆ ಆ ಹೆಂಗಸಿನ ಮುಖ ನೋಡಿ, "ಮಕ್ಕಳಿರೋರಿಗೇ ಹೇಳ್ತಿರೋದು," ಎಂದಳು. "ನನ್ನದೇನು, ಹೋಗೋದೆಲ್ಲ ಹೋಗಾಯ್ತು."

ತಲಾತು ಎದ್ದು ಒಳಗೆ ಹೋಗಿ, ತನ್ನ ಬಿಳಿ ಟಗರನ್ನು ಹಗ್ಗ ಹಿಡಿದು ತಂದು ಕಲ್ತುಮೆಯ ಪಕ್ಕದಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬಳು ಒಪ್ಪಿದಳು. ಬೈದುಕೊಳ್ಳುತ್ತಲೇ ಮತ್ತೊಬ್ಬಳೂ ಒಪ್ಪಿದಳು. ಎಲ್ಲರೂ ಒಪ್ಪಲಿಲ್ಲ.

ಸಂತೆಯ ದಿನ ಬೆಳಿಗ್ಗೆ, ಆಸ್ಪತ್ರೆಯ ಮುಂಬಾಗಿಲಲ್ಲಿ ಜನ ಕಿಕ್ಕಿರಿದಿರುವ ಹೊತ್ತಿನಲ್ಲಿ, ನಾಲ್ವರು ಹೆಂಗಸರು ಟಗರುಗಳನ್ನು ಹೊಡೆದುಕೊಂಡು ಬಂದರು. ಮುಂದೆ ಕಲ್ತುಮೆ, ಹಬ್ಬಕ್ಕೆ ಉಡುವ ಬಟ್ಟೆಯಲ್ಲಿ. ಕಾವಲುಗಾರ ಸೂಮಾನಾ ಕೋಲು ಅಡ್ಡ ಹಿಡಿದ.

"ಕುರಿ ಒಳಗೆ ಬಿಡೋ ಹಾಗಿಲ್ಲ, ದೊಡ್ಡಮ್ಮ. ಹಿಂದಿನ ಬಾಗಿಲಿಗೆ ಹೋಗಿ. ರೋಗಿ ನೋಡೋಕೆ ಬರೋರು ಮನುಷ್ಯರಾಗಿರ್ಬೇಕು."

"ಇವು ರೋಗಿನ ನೋಡೋಕೆ ಬಂದಿಲ್ಲ, ಸೂಮಾನಾ. ಕೆಲಸಕ್ಕೆ ಬಂದಿದಾವೆ."

ಕಾಯುತ್ತಿದ್ದ ಜನ ನಕ್ಕರು. ಸೂಮಾನಾಗೂ ನಗು ಬಂತು. ಆದರೆ ಕೋಲು ತೆಗೆಯಲಿಲ್ಲ. ಅಷ್ಟರಲ್ಲಿ ಇಲ್ಯಾಸು ಜಗಲಿಗೆ ಬಂದರು. ಅಂಗಳವೆಲ್ಲ ಅವರ ಕಡೆ ತಿರುಗಿತು. ಕಲ್ತುಮೆಯೂ ನೋಡಿದಳು, ತಲೆ ತಗ್ಗಿಸಲಿಲ್ಲ.

"ಡಾಕ್ಟ್ರೇ," ಎಂದು ಅಲ್ಲಿಂದಲೇ ಕೂಗಿದಳು, "ನೋಡ್ತಿದೀರಾ?"

ಅವರು ಹೊಸ ಸುಣ್ಣದ ಗೋಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ನೋಡ್ತಿದೀನಿ," ಎಂದರು. ದನಿಯಲ್ಲಿ ಸೋತ ಬೇಸರವಿತ್ತು. "ಗೋಡೆಗೆ ಉಜ್ಜದ ಹಾಗೆ ಕಟ್ಟು."

"ನೆರಳಿಗೆ ಚಪ್ಪರ ಹಾಕಿಸ್ಕೊಡಿ, ಉಜ್ಜಲ್ಲ," ಎಂದಳು ಕಲ್ತುಮೆ. ಸೂಮಾನಾನ ಕೋಲನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಮೊದಲ ಟಗರಿನ ಬೆನ್ನಿಗೆ ಒಂದು ತಟ್ಟಿ, ಒಳಗೆ ನಡೆದಳು.